ಬಾಯಿಲ್ಲದ ಮೆಣಸಿನಕಾಯಿ

'ಪಾಪ' ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಮೆಣಸಿನಕಾಯಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತುತ್ತಿತ್ತು. ಅದನ್ನು ಅಪ್ಪನ ಎದುರಿಗೇ, ಅಪ್ಪನಿಗೆ ಕೈಯ ಜೊತೆ ಕಿವಿಯೂ ಹೋಗಿದೆಯೇನೋ ಅನ್ನುವ ಹಾಗೆ ಆಡಿಬಿಟ್ಟರಂತೂ ಆಡಿದವನ ಕಥೆ ಅಲ್ಲಿಗೆ ಮುಗಿಯಿತು. ಅವತ್ತು ಆಡಿದವನು ಮೂಲೆಯ ಹೋಟೆಲಿನ ಯಜಮಾನ. ಹೊಸ ಬೋರ್ಡಿಗೆ ಅಳತೆ ಕೊಡಲು ಬಂದವನು ಕೊಟ್ಟು ಸುಮ್ಮನೆ ಹೋಗಬೇಕೋ ಬೇಡವೋ? ಹೋಗಲಿಲ್ಲ. ಅಂಗಡಿಯ ಹಿಂದಿನ ಗೋಡೌನಿನೊಳಗೆ ಕತ್ತು ಚಾಚಿ, ಅಲ್ಲಿ ಗೋಡೆಗೆ ಒರಗಿಸಿದ್ದ ತಗಡಿನ ಮೇಲೆ ಅಪ್ಪ ಬರೆದ ಚಿತ್ರ ನೋಡಿ ಲೊಚಗುಟ್ಟಿದ. "ಪಾಪ, ಆಗ್ಲೇ ಕೈ ಹೋಗಿತ್ತು ಅಂತ ಕಾಣುತ್ತೆ" ಅಂದ. ಅಪ್ಪ ಅಲ್ಲೇ ಷಟರಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

ಮೆಣಸಿನಕಾಯಿ ಬ್ರಷ್ಷನ್ನು ಡಬ್ಬದೊಳಗೆ ಇಟ್ಟು ಎದ್ದಳು. ಆಮೇಲೆ ನಡೆದದ್ದು ರಸ್ತೆಯ ಎರಡೂ ತುದಿಗೆ ಕೇಳಿಸಿತು. ಪಾಪ ಅನ್ನಬೇಕಾದದ್ದು ಅವನ ಹೋಟೆಲಿನ ಚಹಾ ಕುಡಿಯುವವರಿಗೆ ಅಂದಳು. ಅವನ ಹಳೆಯ ಬೋರ್ಡಿನ ಅಕ್ಷರಗಳು ಬಿಸಿಲಿಗೂ ಮಳೆಗೂ ಜಗ್ಗದೆ ನಿಂತಿದ್ದರೆ ಅದು ಇದೇ ಕೈ ಬರೆದದ್ದು, ಅದರ ಕೆಳಗೆ ಕೂತು ಹೊಟ್ಟೆ ಬೆಳೆಸಿಕೊಂಡವನಿಗೆ ಈಗ ಅದೇ ಕೈಯ ಮೇಲೆ ಕನಿಕರ ಉಕ್ಕಿತೋ ಅಂದಳು. ಹೋಟೆಲಿನವನು ಬಂದ ದಾರಿ ಹಿಡಿದ. ಅತ್ತಿಗೆ ಅವನ ಹಿಂದೆಯೇ ಓಡಿ, ಸಮಾಧಾನ ಹೇಳಿ ವಾಪಸು ಬಂದು, ಹೀಗೆ ಬಂದವರನ್ನೆಲ್ಲ ಅಟ್ಟುತ್ತಿದ್ದರೆ ನಾಳೆ ನಾವು ನಾವೇ ಕೂತು ನಮ್ಮ ಹಣೆಗೆ ಬೋರ್ಡು ಬರೆದುಕೊಳ್ಳಬೇಕಾಗುತ್ತದೆ ಎಂದು ಗೊಣಗಿದಳು.

ಮೆಣಸಿನಕಾಯಿ ಅನ್ನುವುದು ಅಪ್ಪ ಇಟ್ಟ ಹೆಸರು. ಹುಟ್ಟಿದಾಗ ಇಟ್ಟದ್ದು ಬೇರೆ ಇತ್ತು, ಅದನ್ನು ಯಾರಾದರೂ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ವಯಸ್ಸು ನಲವತ್ತು ದಾಟಿತ್ತು. ಮದುವೆಯಾಗಿ ಹೋದ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಇರು ಅಂದರೆಂದು ಬಾಯಿ ತೆರೆದುಕೊಂಡೇ ತವರಿಗೆ ವಾಪಸು ಬಂದವಳು. ಬಂದ ದಿನ ಅಪ್ಪ ಏನು ಎತ್ತ ಎಂದು ಒಂದು ಮಾತು ಕೇಳಲಿಲ್ಲ. ಕೈಗೆ ಬ್ರಷ್ಷು ಕೊಟ್ಟು, ನಿಂತಿದ್ದ ಬೋರ್ಡು ತೋರಿಸಿ, ಈ ಅಕ್ಷರಗಳಿಗೆ ನೆರಳು ಹಾಕು ಅಂದ, ಅಷ್ಟೇ. ಅವತ್ತಿನಿಂದ ಅಂಗಡಿಯ ನೆರಳಿನ ಕೆಲಸವೆಲ್ಲ ಅವಳದ್ದು.

ಅದು ಬೋರ್ಡು ಬರೆಯುವ ಅಂಗಡಿ. ಅಪ್ಪ ಕಟ್ಟಿದ್ದು, ಈಗ ಅಣ್ಣ ನಡೆಸುತ್ತಿದ್ದ. ಅಣ್ಣನ ಕೈ ಅಂಚಿನ ಕೈ. ಅಳತೆಪಟ್ಟಿ ಇಲ್ಲದೆ ಉಸಿರು ಹಿಡಿದು ಎಳೆದನೆಂದರೆ ಅಕ್ಷರದ ಅಂಚು ಮುಟ್ಟಿದರೆ ಕುಯ್ಯುವ ಹಾಗಿರುತ್ತಿತ್ತು. ಅತ್ತಿಗೆ ಗಿರಾಕಿಗಳನ್ನು ಸಂಭಾಳಿಸುವವಳು. ಚಿಕ್ಕಪ್ಪ ಬಣ್ಣ ಕಲೆಸುವವನು, ಬೋಳುತಲೆ, ಜಗತ್ತು ಮುಳುಗಿದರೂ ಕಲೆಸುವ ಕೋಲು ನಿಲ್ಲಿಸದವನು. ಇನ್ನೊಬ್ಬ ಏಣಿ, ಬೋರ್ಡು ಹೊತ್ತು ಏರಿಸುವ ಆಳು. ಅವನಿಗೆ ಆ ಹೆಸರು ಯಾಕೆ ಬಂತು ಎಂದು ಅವನನ್ನು ನೋಡಿದವರು ಯಾರೂ ಕೇಳುವುದಿಲ್ಲ. ಬಾಗಿಲಲ್ಲಿ ಬಗ್ಗಿ ಬಗ್ಗಿ ಬಯಲಲ್ಲೂ ಬಗ್ಗಿಯೇ ನಡೆಯುತ್ತಿದ್ದ.

ಅಪ್ಪ ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ಅವನದ್ದೊಂದು ಕಟ್ಟಳೆ ಇತ್ತು. ಬೋರ್ಡು ಮುಗಿಯಿತು ಅನ್ನಿಸಿದ ಕೂಡಲೇ ಬರೆದವರು ಏಣಿಯಿಂದ ಇಳಿಯಬೇಕು, ರಸ್ತೆ ದಾಟಬೇಕು, ಎದುರು ಬದಿಯಲ್ಲಿ ನಿಂತು ತಿರುಗಿ ನೋಡಬೇಕು. ಮೂಗಿನ ತುದಿಯಲ್ಲಿ ನಿಂತು ಬೋರ್ಡು ಓದುವ ಗಿರಾಕಿ ಯಾರೂ ಇಲ್ಲ ಅನ್ನುತ್ತಿದ್ದ. ಕೊನೆಗೆ ಅವನೂ ದಾಟುತ್ತಿದ್ದ. ವಾಹನಗಳ ಗಲಾಟೆಯಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಅಲ್ಲಿಂದ ಕೈಯಲ್ಲೇ ಹೇಳುತ್ತಿದ್ದ. ಅಂಗೈ ಕೆಳಗಾದರೆ ಅಳಿಸು. ಅಂಗೈ ನಮ್ಮ ಕಡೆ ಮಾಡಿ ಭುಜದವರೆಗೆ ಎತ್ತಿದರೆ ಸರಿಯಿದೆ. ಆ ಎತ್ತಿದ ಕೈ ನೋಡಲಿಕ್ಕೆ ಅಣ್ಣ ತಂಗಿ ಇಬ್ಬರೂ ಎಷ್ಟು ಸಲ ಅಂಗಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಾರೋ ಲೆಕ್ಕವಿಲ್ಲ.

ಆ ಚಿತ್ರ ಅಪ್ಪ ತನಗೆಂದು ಬರೆದ ಒಂದೇ ಕೆಲಸ. ಯಾವನೋ ಗಿರಾಕಿ ಬೇಡವೆಂದು ಬಿಟ್ಟುಹೋದ ಆಳೆತ್ತರದ ತಗಡೊಂದು ಗೋಡೌನಿನಲ್ಲಿ ಬಿದ್ದಿತ್ತು. ಊಟ ಮುಗಿದು ಎಲ್ಲರೂ ಒಂದು ಗಳಿಗೆ ಒರಗಿದಾಗ ಅಪ್ಪ ಒಬ್ಬನೇ ಅಲ್ಲಿಗೆ ಹೋಗಿ, ಡಬ್ಬಗಳ ಕಪಾಟಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ನಿಂತು ಬರೆಯುತ್ತಿದ್ದ. ಅಂಗಡಿಯ ಐದೂ ಜನ ಊಟಕ್ಕೆ ಕೂತ ಚಿತ್ರ ಅಂತ ಮಾತ್ರ ಗೊತ್ತಿತ್ತು. ಯಾರನ್ನೂ ಕೂರು ಅನ್ನಲಿಲ್ಲ, ನಿಲ್ಲು ಅನ್ನಲಿಲ್ಲ. ಇಣುಕಿದವರಿಗೆ ಬೈಗುಳ ಕಾದಿರುತ್ತಿತ್ತು. ಒಂದು ಮಧ್ಯಾಹ್ನ ಒಳಗೆ ಡಬ್ಬ ಉರುಳಿದ ಸದ್ದಾಯಿತು. ಓಡಿ ಹೋದರೆ ಅಪ್ಪ ಕಪಾಟಿಗೆ ಒರಗಿ ಕುಸಿದಿದ್ದ. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಬ್ರಷ್ಷು ಮಾತ್ರ ಮುಷ್ಟಿಯಲ್ಲಿ ಹಾಗೇ ಇತ್ತು, ಬಿಡಿಸಿಕೊಳ್ಳಲು ಅಣ್ಣ ಒದ್ದಾಡಬೇಕಾಯಿತು.

ಆಸ್ಪತ್ರೆಯ ಓಡಾಟ ಮುಗಿದ ಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಆ ಇಕ್ಕಟ್ಟಿಗೆ ನುಗ್ಗಿ ಚಿತ್ರ ನೋಡಿದರು.  ಏನಿತ್ತು ಅಲ್ಲಿ? ಅಗಲ ಬ್ರಷ್ಷಿನಿಂದ ಬಳಿದು ಬಿಟ್ಟ ಪಟ್ಟೆಗಳು. ಬ್ರಷ್ಷಿನ ಕೂದಲು ಓಡಿದ ಗೀರು ಗೀರು ಕಾಣುತ್ತಿತ್ತು. ಒಂದು ಕಡೆ ಬಣ್ಣ ಬೆರಳಷ್ಟು ದಪ್ಪ ಮೆತ್ತಿದರೆ ಇನ್ನೊಂದು ಕಡೆ ತಗಡು ಬರಿದಾಗಿಯೇ ಉಳಿದಿತ್ತು. ಕಿವಿಗೆ ಅಂಚಿಲ್ಲ, ಮೂಗಿಗೆ ಅಂಚಿಲ್ಲ, ಅಣ್ಣನ ತೋಳು ಎಲ್ಲಿ ಮುಗಿಯಿತು, ಅತ್ತಿಗೆಯ ಸೆರಗು ಎಲ್ಲಿ ಶುರುವಾಯಿತು ಅನ್ನುವುದೇ ತಿಳಿಯುತ್ತಿರಲಿಲ್ಲ. ಊರಿಗೆಲ್ಲ ಅಂಚು ಕಲಿಸಿದವನ ಕೆಲಸ ಇದು. ಕೈ ನಡುಗುತ್ತಿತ್ತು, ನಮಗೆ ಯಾರಿಗೂ ಹೇಳಲಿಲ್ಲ ಎಂದು ಅಣ್ಣ ಕಣ್ಣೊರೆಸಿಕೊಂಡ. ಹೊರಗಿನವರು ಅದೇ ಮಾತು ಆಡಿದಾಗ ಹಾರಿ ಬೀಳುವ ಮೆಣಸಿನಕಾಯಿ, ಒಳಗೊಳಗೆ ತಾನೂ ಅದನ್ನೇ ನಂಬಿದ್ದಳು. ಅವಳ ಸಿಟ್ಟಿನ ಅರ್ಧ ಪಾಲು ಅದೇ ಆಗಿತ್ತು.

ಇನ್ನರ್ಧ ಪಾಲು ಬಾಯಿಯದ್ದು. ಚಿತ್ರದಲ್ಲಿ ಬಲಗಡೆ ನಿಂತವಳು ತಾನೇ ಎಂದು ಕೆಲಸಕ್ಕೆ ಹಾಕುವ ನೀಲಿ ಅಂಗಿಯಿಂದ ಗೊತ್ತಾಗುತ್ತಿತ್ತು. ಉಳಿದ ನಾಲ್ವರಿಗೆ ಬಾಯಿಯ ಜಾಗದಲ್ಲಿ ಗೆರೆಯೋ ಗೀಟೋ ಏನಾದರೂ ಇತ್ತು. ಅವಳ ಮುಖದಲ್ಲಿ ಮೂಗಿನ ಕೆಳಗೆ ಕಂಡದ್ದು ಕಡುಗೆಂಪಿನ ಒಂದೇ ಬಳಿತ, ಗಲ್ಲದಿಂದ ಮೇಲಕ್ಕೆ ಓರೆಯಾಗಿ ಎಳೆದು, ಕೆನ್ನೆ ದಾಟಿ, ಮುಖದ ಆಚೆಗೂ ಹೋಗಿ ಒಣಗಿದ್ದು. ಬಣ್ಣ ಒರೆಸುವ ಬಟ್ಟೆ ತಾಗಿದ ಹಾಗಿತ್ತು. ಇಡೀ ಅಂಗಡಿಯಲ್ಲಿ ಬಾಯಿ ಇರುವವಳು ನಾನೊಬ್ಬಳೇ, ನನಗೇ ಬಾಯಿಲ್ಲವೇ ಎಂದು ಅವಳು ಕಂಡವರಿಗೆಲ್ಲ ಹೇಳಿ ನಗುತ್ತಿದ್ದಳು. ನಗುವಾಗ ಒಳಗೆ ಚುರುಕ್ಕೆನ್ನುತ್ತಿತ್ತು. ಗಂಡನ ಮನೆಯವರು ಹೇಳಿದ ಮಾತನ್ನೇ ಅಪ್ಪನೂ ಕೊನೆಗೆ ಹೇಳಿದನೋ ಅನ್ನಿಸುತ್ತಿತ್ತು.

ಅಪ್ಪನನ್ನು ಕೇಳೋಣವೆಂದರೆ ಅವನಿಗೆ ಉಳಿದದ್ದು ಒಂದೇ ಮಾತು. ನೀರು ಬೇಕಾದರೆ ಎಡಗೈಯಿಂದ ಲೋಟ ತಟ್ಟುತ್ತಿದ್ದ, ಸಾಕಾದರೆ ತಲೆ ಅಲ್ಲಾಡಿಸುತ್ತಿದ್ದ. ಆದರೆ ಗೋಡೌನಿನ ಕಡೆ ಬೆರಳು ಮಾಡಿ, ಆಮೇಲೆ ಅದೇ ಬೆರಳನ್ನು ರಸ್ತೆಯ ಕಡೆ ತಿರುಗಿಸಿ, ಮುಖವೆಲ್ಲ ಕೆಂಪಾಗುವಷ್ಟು ಹೆಣಗಿ "ಆಚೆ" ಅನ್ನುತ್ತಿದ್ದ. ಮೊದಮೊದಲು ಹೊರಗೆ ಕೂರಬೇಕೆನ್ನುತ್ತಾನೆ ಎಂದುಕೊಂಡು ಕುರ್ಚಿಯನ್ನು ಷಟರಿನ ಪಕ್ಕಕ್ಕೆ ತಂದಿಟ್ಟರು. ಅಲ್ಲಿ ಕೂತೂ ಅದನ್ನೇ ಅಂದ. ಕೊನೆಗೆ ಅತ್ತಿಗೆಗೆ ಹೊಳೆಯಿತು. ಮಾವನಿಗೆ ಆ ಚಿತ್ರದಿಂದ ನಾಚಿಕೆಯಾಗುತ್ತಿದೆ, ಅದನ್ನು ಆಚೆ ಹಾಕಿ ಅನ್ನುತ್ತಿದ್ದಾರೆ ಎಂದಳು. ಎಲ್ಲರಿಗೂ ಅದು ಸರಿಯೆನಿಸಿತು. ಅಪ್ಪ ಎಡಗೈಯಿಂದ ಕುರ್ಚಿಯ ತೋಳನ್ನು ಗುದ್ದಿದ. ನೋಡಿ, ಎಷ್ಟು ಬೇಜಾರು ಎಂದು ಅತ್ತಿಗೆ ಬೆನ್ನು ಸವರಿದಳು.

ಹೋಟೆಲಿನವನನ್ನು ಅಟ್ಟಿದ ದಿನ ಸಂಜೆ ಅಣ್ಣ ಎಲ್ಲರನ್ನೂ ಕೂರಿಸಿಕೊಂಡು ತನ್ನ ಮನಸ್ಸಿನಲ್ಲಿದ್ದದ್ದು ಹೇಳಿದ. ಅಪ್ಪನ ಕೆಲಸವನ್ನು ಆಚೆ ಹಾಕುವುದು ತನ್ನಿಂದ ಆಗದ ಮಾತು. ಗೋಡೌನಿನಲ್ಲಿ ಕೊಳೆಯಿಸುವುದೂ ಬೇಡ. ಅಂಗಡಿಯ ಮುಂದಿನ ಗೋಡೆಗೆ ಹಾಕೋಣ. ಆದರೆ ಹೀಗೇ ಹಾಕಿದರೆ ಬಂದವರೆಲ್ಲ ಪಾಪ ಅನ್ನುತ್ತಾರೆ, ಎಷ್ಟು ಜನರ ಹತ್ತಿರ ಜಗಳಕ್ಕೆ ಬೀಳುವುದು? ತಾನು ಕೂತು ಅಂಚು ಹಿಡಿಸುತ್ತೇನೆ. ಅಪ್ಪ ಕಲಿಸಿದ ಅಂಚೇ ಅಲ್ಲವೇ, ಅಪ್ಪನದ್ದನ್ನು ಅಪ್ಪನಿಗೆ ಕೊಟ್ಟಂತೆ.  ಚಿಕ್ಕಪ್ಪ ಕೋಲು ಆಡಿಸುತ್ತಲೇ ತಲೆಯಾಡಿಸಿದ.

ಮೆಣಸಿನಕಾಯಿ ಏನಂದಳು? "ಹಾಗಾದ್ರೆ ಮೊದ್ಲು ನನ್ನ ಬಾಯಿ ಬರಿ" ಅಂದಳು. ಎಲ್ಲರೂ ನಕ್ಕರು. ಅಣ್ಣ ಅವಳ ತಲೆಗೊಂದು ಮೊಟಕಿ, ಆಯ್ತು ಮಾರಾಯ್ತಿ, ನಿನ್ನದೇ ಮೊದಲು ಅಂದ.

ರಜೆಯ ದಿನ ಬೆಳಿಗ್ಗೆ ಅಣ್ಣನೂ ಏಣಿಯೂ ಸೇರಿ ತಗಡನ್ನು ಹೊರಗೆ ತಂದರು. ಕಪಾಟಿನ ಡಬ್ಬಗಳನ್ನೆಲ್ಲ ಇಳಿಸಬೇಕಾಯಿತು, ಏಣಿಯ ತಲೆ ಎರಡು ಸಲ ತೊಲೆಗೆ ಬಡಿಯಿತು, ಮೆಣಸಿನಕಾಯಿ ಇಬ್ಬರಿಗೂ ದಾರಿಯುದ್ದಕ್ಕೂ ಬೈದಳು. ಅಂಗಡಿಯ ಇನ್ನೊಂದು ಷಟರು ಎಳೆದು ಅದಕ್ಕೆ ತಗಡನ್ನು ಒರಗಿಸಿದರು. ಆ ಪಕ್ಕದ ಕುರ್ಚಿಯಲ್ಲಿ ಅಪ್ಪ. ಚಿತ್ರ ಬೆಳಕಿಗೆ ಬಂದದ್ದು ನೋಡಿ ಅವನು ಸೆಟೆದು ಕೂತ. ಒರಗಿಸಿದ್ದು ಅವನ ಮಗ್ಗುಲಿಗೇ ಆದ್ದರಿಂದ ಅವನಿಗೆ ಕಂಡದ್ದು ತಗಡಿನ ಅಂಚು ಮಾತ್ರ.

ಇಷ್ಟು ದಿನ ಡಬ್ಬಗಳ ಹಿಂದೆ ಮರೆಯಾಗಿದ್ದ ಕೆಳಮೂಲೆಯನ್ನು ಮೆಣಸಿನಕಾಯಿ ಆಗ ಮೊದಲ ಸಲ ನೋಡಿದಳು. ಊಟಕ್ಕೆ ಕೂತವರ ಕಾಲ ಬಳಿ ಒಂದು ಪುಟ್ಟ ಬೋರ್ಡು ಒರಗಿಸಿದ ಹಾಗೆ ಬರೆದಿತ್ತು. 'ಬಣ್ಣ ಹಸಿ ಇದೆ, ಮುಟ್ಟಬೇಡಿ.' ಅಂಗೈಯಷ್ಟು ಜಾಗದಲ್ಲಿ ಅಷ್ಟೂ ಅಕ್ಷರ. ಅಂಚು ಹೇಗಿತ್ತು ಅಂದರೆ ಅಣ್ಣನೂ ಅದಕ್ಕೆ ಕೈ ಮುಗಿಯಬೇಕು. ಒಂದು ಒತ್ತು ಅಲುಗಿಲ್ಲ, ಒಂದು ಸೊನ್ನೆ ಸೊಟ್ಟವಿಲ್ಲ.  ಈ ಅಕ್ಷರದ ಕೆಳಗೆ ಮೆತ್ತಿದ್ದು ಏಣಿಯ ನೆರಳಿನ ಬಣ್ಣ. ಅಂದರೆ ಏಣಿಯನ್ನು ಬಳಿದಾದ ಮೇಲೆ, ಅದು ಒಣಗಿದ ಮೇಲೆ ಬರೆದದ್ದು. ನೆರಳಿನ ಕೆಲಸದವಳಿಗೆ ಅಷ್ಟು ಗೊತ್ತಾಗುತ್ತದೆ.

ನಡುಗುವ ಕೈ ಇದನ್ನು ಬರೆಯುತ್ತದೆಯೇ ಎಂದು ಅವಳು ಅಣ್ಣನನ್ನು ಹಿಡಿದು ಕೇಳಿದಳು. ಅಣ್ಣ ಬಗ್ಗಿ ನೋಡಿದ. ಆಮೇಲೆ, ಕೈ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ, ಈ ಖಾಯಿಲೆಯೇ ಹಾಗೆ ಅಂತ ಡಾಕ್ಟರು ಹೇಳಿರಲಿಲ್ಲವೇ ಅಂದ. ಅವಳು ಡಾಕ್ಟರಿಗೂ ಎರಡು ಮಾತು ಅಂದಳು. ಮಾತಿಗೆ ಮಾತು ಬೆಳೆಯಿತು. ನನ್ನ ಬಾಯಿಯನ್ನೇ ಮೊದಲು ಬರಿ ಅಂದವಳು ನೀನೇ, ಈಗ ತಕರಾರು ತೆಗೆಯುವವಳೂ ನೀನೇ, ನಿನ್ನನ್ನು ಕಟ್ಟಿಕೊಂಡು ಏಗುವುದು ಯಾರಿಂದಲೂ ಆಗದ ಕೆಲಸ ಎಂದ ಅಣ್ಣ. ಅದು ಬೇಕೆಂದು ಆಡಿದ ಮಾತಲ್ಲ, ಆದರೆ ತಾಗಬಾರದ ಕಡೆಗೇ ತಾಗಿತು. ಮೆಣಸಿನಕಾಯಿ ಕೈಯಲ್ಲಿದ್ದ ಒರೆಸುಬಟ್ಟೆಯನ್ನು ನೆಲಕ್ಕೆ ಬಿಸಾಕಿ, ರಸ್ತೆ ದಾಟಿ, ಎದುರಿನ ಚಹಾದಂಗಡಿಯ ಕಡೆ ಧುಮುಧುಮು ನಡೆದಳು. ಸಿಟ್ಟು ಬಂದಾಗಲೆಲ್ಲ ಅವಳು ಹೋಗುತ್ತಿದ್ದದ್ದು ಅಲ್ಲಿಗೇ. ಚಹಾದವನು ಅವಳ ನಡಿಗೆ ನೋಡಿಯೇ ಸಕ್ಕರೆ ಜಾಸ್ತಿ ಹಾಕುತ್ತಿದ್ದ.

ಕೊನೆಯ ಮಾತು ಯಾವತ್ತೂ ಅವಳದ್ದೇ ಆಗಬೇಕು. ಅದನ್ನು ಎಸೆಯಲಿಕ್ಕೆಂದು ಅವಳು ಆ ಬದಿಯಲ್ಲಿ ನಿಂತು ತಿರುಗಿದಳು. ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ರಸ್ತೆಯ ಆ ಕಡೆ ಐದು ಜನ ಊಟಕ್ಕೆ ಕೂತಿದ್ದರು. ಪಟ್ಟೆಗಳಿಲ್ಲ, ಗೀರುಗಳಿಲ್ಲ, ಜನ. ಚಿಕ್ಕಪ್ಪ ತುತ್ತು ಎತ್ತಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿದ್ದ, ಅವನ ಬೋಳುತಲೆಯ ಮೇಲೆ ಹಳದಿಯ ಒಂದೇ ಒಂದು ಗುದ್ದು, ಅದರಲ್ಲಿ ಮಧ್ಯಾಹ್ನದ ಬಿಸಿಲೆಲ್ಲ ಕೂತಿತ್ತು. ಏಣಿ ಬೈಗುಳ ತನ್ನ ತಲೆಯ ಮೇಲೆ ಬೀಳುತ್ತದೆಂದು ಭುಜದೊಳಕ್ಕೆ ಕತ್ತು ಎಳೆದುಕೊಂಡಿದ್ದ. ಹತ್ತಿರದಿಂದ ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ಎಂದು ತಿಳಿಯದ ಅತ್ತಿಗೆ, ಅಲ್ಲೇ ಅಣ್ಣನ ತೋಳಿನ ಹಿಂದೆ ಮುಖ ಮರೆಮಾಡಿಕೊಂಡು ನಗುತ್ತಿದ್ದಳು. ಅಂಚು ಎಲ್ಲಿಂದ ಬರಬೇಕು, ಅವಳು ನಗುತ್ತ ಅಲುಗುತ್ತಿದ್ದಳಲ್ಲ! ಬೈಸಿಕೊಳ್ಳುತ್ತಿದ್ದವನು ಅಣ್ಣ, ಅವನ ಕಿವಿ ಬ್ರಷ್ಷಿನ ಎರಡೇ ಏಟಿನಲ್ಲಿ ಕೆಂಪಾಗಿತ್ತು. ನಾಲ್ವರೂ ತಿರುಗಿದ್ದು ಒಂದೇ ಕಡೆಗೆ. ಅಲ್ಲಿ ನೀಲಿ ಅಂಗಿಯವಳು ಎದ್ದು ನಿಂತು ಕೂಗುತ್ತಿದ್ದಳು.

ಅದು ಬಾಯಿ. ಗಲ್ಲದಿಂದ ಓರೆಯಾಗಿ ಎದ್ದು ಕೆನ್ನೆ ಹರಿದುಕೊಂಡು ಮುಖ ದಾಟಿ ಹೋದದ್ದು ಕೈ ನಡುಗಿದ್ದಲ್ಲ, ಕೂಗು ಹೋಗುವ ದಾರಿ. ಬಣ್ಣ ಒಣಗುತ್ತ ಸೀಳಿದ ಕಡೆ ಗಂಟಲು ಸೀಳುತ್ತಿತ್ತು. ಇಡೀ ಚಿತ್ರ ಆ ಒಂದು ಬಳಿತದ ಸುತ್ತ ನಿಂತಿತ್ತು, ಅದಿಲ್ಲದಿದ್ದರೆ ಉಳಿದವರಿಗೆ ತಿರುಗಲಿಕ್ಕೆ ಕಾರಣವೇ ಇಲ್ಲ. ಅಪ್ಪ ಅವಳ ಬಾಯಿಯನ್ನು ಬಿಟ್ಟಿರಲಿಲ್ಲ. ಅಪ್ಪ ಬರೆದದ್ದೇ ಅವಳ ಬಾಯಿಯನ್ನು. ಮೆಣಸಿನಕಾಯಿಗೆ ಕಣ್ಣು ಮಂಜಾಯಿತು, ಅದಕ್ಕೂ ಅವಳಿಗೆ ಸಿಟ್ಟು ಬಂತು, ಮುಂಗೈಯಿಂದ ಒರೆಸಿಕೊಂಡಳು.

ಒರೆಸಿಕೊಂಡು ನೋಡಿದರೆ ಅಣ್ಣ ಚಿತ್ರದ ಮುಂದೆ ಮೊಣಕಾಲೂರಿ ಕೂತಿದ್ದ. ಕೈಯಲ್ಲಿ ಬಣ್ಣ ಕೆರೆಯುವ ಚಪ್ಪಟೆ ಉಳಿ. ಹಳೆಯ ಬೋರ್ಡಿನ ಮೇಲೆ ಬರೆಯುವ ಮೊದಲು ಉಬ್ಬಿದ ಬಣ್ಣ ಕೆರೆದು ನುಣುಪು ಮಾಡುವುದು ಅವರ ಪದ್ಧತಿ. ಅವನು ಕೂತದ್ದು ಬಲಗಡೆಯವಳ ಮುಂದೆ. ಕೊಟ್ಟ ಮಾತಿನಂತೆ ಅವಳದ್ದೇ ಮೊದಲು.

"ಬೇಡ! ಅಣ್ಣಾ, ಬೇಡ!"

ಬಸ್ಸೊಂದು ಬಂತು, ಅದರ ಹಿಂದೆ ಲಾರಿ, ಅದರ ಹಿಂದೆ ಇನ್ನೊಂದು. ಸಂದಿನಲ್ಲಿ ಅಣ್ಣ ತಲೆಯೆತ್ತಿ ನೋಡಿದ್ದು ಅವಳಿಗೆ ಕಂಡಿತು. ತಂಗಿ ಎದುರು ಬದಿಯಲ್ಲಿ ನಿಂತು ಕೈ ಬೀಸಿ ಬಾಯಿ ಬಡಿದುಕೊಳ್ಳುತ್ತಿದ್ದಾಳೆ. ಅವಳು ಕೂಗುವುದು ಹೊಸದೇ? ಇಷ್ಟು ವರ್ಷ ಕೂಗಿದ್ದಾಳೆ, ಅಷ್ಟೂ ವರ್ಷ ಅವನು ಹೂಂಗುಟ್ಟಿದ್ದಾನೆ. ಈಗಲೂ ಆಯಿತು ಆಯಿತು ಎಂದು ಕೈಯಾಡಿಸಿ ಉಳಿ ಒತ್ತಿದ. ತಗಡಿನ ಮೇಲಿನ ದಪ್ಪ ಬಣ್ಣ ಒಂದೇ ನೂಕಿಗೆ ಸಿಪ್ಪೆಯ ಹಾಗೆ ಸುಲಿದು ಬಂತು. ಅವಳು ಹಾರ್ನುಗಳ ನಡುವೆ ನುಗ್ಗಿ, ಯಾವನೋ ಬೈದದ್ದಕ್ಕೆ ಎರಡರಷ್ಟು ಬೈದು ಈ ಬದಿಗೆ ತಲುಪುವಷ್ಟರಲ್ಲಿ ಕೆರೆದ ಜಾಗದ ಮೇಲೆ ಸಪೂರ ಬ್ರಷ್ಷಿನ ಒಂದು ಗೆರೆ ಬಿದ್ದಾಗಿತ್ತು. ತುಟಿಗೆ ತುಟಿ ಕೂಡಿದ, ನೀಟಾದ, ಮುಚ್ಚಿದ ಬಾಯಿ.

ಅಣ್ಣ ತಿರುಗಿ, ಹೇಗಿದೆ ಅನ್ನುವ ಹಾಗೆ ನಕ್ಕ. ಅವಳು ಅವನ ಅಂಗಿಯ ಕಾಲರು ಹಿಡಿದು ಎಬ್ಬಿಸಿದಳು. ಅತ್ತಿಗೆ ಬಿಡೇ ಬಿಡೇ ಎಂದು ಅಡ್ಡ ಬಂದಳು. ಮೆಣಸಿನಕಾಯಿ ಬಿಡಲಿಲ್ಲ, ಬೈಯಲೂ ಇಲ್ಲ. ಅವಳು ಬೈಯದೆ ಇದ್ದದ್ದೇ ಎಲ್ಲರಿಗೂ ದಿಗಿಲು ಹುಟ್ಟಿಸಿತು, ಚಿಕ್ಕಪ್ಪನ ಕೋಲು ನಿಂತಿತು. ಅಣ್ಣನನ್ನು ಹಾಗೇ ಎಳೆದುಕೊಂಡು ರಸ್ತೆ ದಾಟಿ, ಭುಜ ಹಿಡಿದು ತಿರುಗಿಸಿ ನಿಲ್ಲಿಸಿದಳು.

ಅಣ್ಣ ನೋಡಿದ. ನೋಡುತ್ತ ನೋಡುತ್ತ ಅವನ ಕೈ ತಾನಾಗಿ ತನ್ನ ಕಿವಿಯ ಕಡೆ ಹೋಯಿತು. ಚಿಕ್ಕಪ್ಪನನ್ನು ನೋಡಿದ, ಏಣಿಯನ್ನು ನೋಡಿದ, ತನ್ನ ತೋಳಿನ ಹಿಂದೆ ಅಡಗಿ ನಗುತ್ತಿದ್ದ ಹೆಂಡತಿಯನ್ನು ನೋಡಿದ. ಬಲಗಡೆಗೆ ಬಂದಾಗ ಅವನ ಮುಖ ಇಳಿದುಹೋಯಿತು. ಅಲ್ಲಿ ಅಂಗಡಿಯ ಬೋರ್ಡಿನ ಮೇಲೆ ಬರೆದಂಥ ಒಂದು ಬಾಯಿ ಇತ್ತು. ನಾಲ್ವರೂ ಬೆಚ್ಚಿ ಅದರ ಕಡೆ ತಿರುಗಿದ್ದರು, ಅದು ಏನೂ ಅನ್ನುತ್ತಿರಲಿಲ್ಲ.

"ನಿನ್ನ ಬಾಯಿ ಮುಚ್ಚಿಸಿಬಿಟ್ಟೆ ಕಣೇ" ಅಂದ ಅಣ್ಣ.

ಅವಳಿಗೆ ಅವನನ್ನು ಸಿಗಿದು ಹಾಕಬೇಕೆನಿಸಿತು. ಅಷ್ಟರಲ್ಲಿ ಕಣ್ಣು ಅಪ್ಪನ ಮೇಲೆ ಬಿತ್ತು. ಷಟರಿನ ಪಕ್ಕದ ಕುರ್ಚಿಯಲ್ಲಿ ಅಪ್ಪ ಮುಂದಕ್ಕೆ ಬಾಗಿ, ಎಡಗೈ ಬೆರಳನ್ನು ಪಕ್ಕದ ತಗಡಿಗೆ ತೋರಿಸಿ, ಆಮೇಲೆ ರಸ್ತೆ ದಾಟಿ ಇವರಿಬ್ಬರು ನಿಂತ ಕಡೆಗೇ ಚಾಚಿದ್ದ. ಬಾಯಿ ಆಡುತ್ತಿತ್ತು. ಇಷ್ಟು ದೂರಕ್ಕೆ ಕೇಳಿಸದಿದ್ದರೂ ಆ ಎರಡಕ್ಷರ ಗೊತ್ತಾಗದೆ ಇರಲು ಅವಳೇನು ಕಿವುಡಿಯೇ? ಕಿವುಡಿಯೇ ಆಗಿದ್ದಳು. ಎಲ್ಲರೂ ಕಿವುಡರೇ ಆಗಿದ್ದರು.

"ಆಚೆ ಹಾಕಿ ಅಂತ ಅಲ್ಲ ಕಣೋ" ಅಂದಳು. "ಆಚೆ ಹೋಗಿ ನೋಡಿ ಅಂತ."

ಇಬ್ಬರೂ ಹುಟ್ಟಿದಾಗಿನಿಂದ ಕೇಳಿದ ಮಾತು. ಏಣಿಯಿಂದ ಇಳಿದಾಗಲೆಲ್ಲ ಅಪ್ಪನ ಬಾಯಿಂದ ಕೇಳಿ ಕೇಳಿ ರೋಸಿದ ಮಾತು. ಅಪ್ಪ ಕೆಲಸದವನಾಗಿದ್ದಾಗ ಅದು ಕೆಲಸದ ಮಾತಾಗಿತ್ತು. ಖಾಯಿಲೆಯವನಾದ ಕೂಡಲೇ ಅದು ಖಾಯಿಲೆಯವನ ಹಲುಬಾಗಿಬಿಟ್ಟಿತು. ಬೆನ್ನು ಸವರಿದರು, ನೀರು ಕುಡಿಸಿದರು, ಪಾಪ ಅಂದರು. ಹೌದು, ಹೋಟೆಲಿನವನು ಬಾಯಿಬಿಟ್ಟು ಅಂದ, ಇವರು ಬಾಯಿಮುಚ್ಚಿ ಅಂದರು, ಅಷ್ಟೇ ವ್ಯತ್ಯಾಸ. ಅವಳಿಗೆ ಇನ್ನೊಂದು ವಿಷಯವೂ ಹೊಳೆಯಿತು. ಆ ಇಕ್ಕಟ್ಟಿನಲ್ಲಿ ನಿಂತು ಬರೆದ ಅಪ್ಪ ತನ್ನ ಚಿತ್ರವನ್ನು ಒಂದು ಸಲವೂ ಈ ಬದಿಯಿಂದ ನೋಡಿಯೇ ಇರಲಿಲ್ಲ.

ಅಪ್ಪನನ್ನು ಕುರ್ಚಿಯ ಸಮೇತ ಎತ್ತಿ ಆಚೆ ಬದಿಗೆ ಕರೆದೊಯ್ಯುವುದೆಂದಾಯಿತು. ಅಣ್ಣ ಒಂದು ಕಡೆ, ಏಣಿ ಇನ್ನೊಂದು ಕಡೆ, ಚಿಕ್ಕಪ್ಪ ಕಲೆಸುವ ಕೋಲನ್ನು ಪೊಲೀಸಿನವನ ಹಾಗೆ ಚಾಚಿ ವಾಹನಗಳನ್ನು ನಿಲ್ಲಿಸುತ್ತ ಮುಂದೆ, ಅತ್ತಿಗೆ ಹಿಂದೆ. ಮೆಣಸಿನಕಾಯಿ ಹೋಗಲಿಲ್ಲ. ಗಾಳಿಗೆ ತಗಡು ಬೀಳುತ್ತದೆ, ಹಿಡಿದುಕೊಳ್ಳಬೇಕು ಎಂದಳು. ನಿಜ ಅದಲ್ಲ. ಆ ಮುಚ್ಚಿದ ಬಾಯಿಯನ್ನು ಅಪ್ಪ ನೋಡಕೂಡದು. ಇಷ್ಟು ತಿಂಗಳು ಒಂದೇ ಮಾತನ್ನು ಹಿಡಿದು ಕೂತವನಿಗೆ ಕೊನೆಗೆ ತೋರಿಸುವುದು ಇದನ್ನೇ? ಅವಳು ಚಿತ್ರದ ಬಲಗಡೆಗೆ, ತನ್ನ ಮುಖದ ಮುಂದೆ, ಬೆನ್ನು ಕೊಟ್ಟು ಗಟ್ಟಿಯಾಗಿ ನಿಂತಳು.

ಆ ಬದಿಯಲ್ಲಿ ಕುರ್ಚಿ ಇಳಿಯಿತು. ಅಪ್ಪ ನೋಡುತ್ತಿದ್ದ. ಹಳೆಯ ಕಾಲದಲ್ಲಿ ನೋಡುತ್ತಿದ್ದ ಹಾಗೇ, ಒಂದು ಕಣ್ಣು ಕಿರಿದು ಮಾಡಿ, ಎಡಗಡೆಯಿಂದ ಶುರುಮಾಡಿ, ಒಬ್ಬೊಬ್ಬರನ್ನೇ. ಅವನ ಕಣ್ಣು ಬಲಗಡೆಗೆ ಬರುತ್ತಿರುವುದು ಇಲ್ಲಿಗೇ ಗೊತ್ತಾಗುತ್ತಿತ್ತು. ಅಣ್ಣ ಅಪ್ಪನ ಹಿಂದೆ ನಿಂತು, ಸರಿದುಕೋ ಎಂದು ಅವಳಿಗೆ ಕೈಸನ್ನೆ ಮಾಡಿದ. ಅವಳು ಸರಿಯಲಿಲ್ಲ. ಅಣ್ಣ ಮತ್ತೆ ಸನ್ನೆ ಮಾಡಿದ. ಅವನ ಆ ಸಾಧು ಮುಖ, ಆ ಬೀಸುವ ಕೈ ನೋಡಿದ ಕೂಡಲೇ ಇಷ್ಟು ಹೊತ್ತು ಕಟ್ಟಿಕೊಂಡದ್ದು ಒಡೆಯಿತು.

ಅವಳು ಕೂಗಿದಳು. ಬಸ್ಸುಗಳ ಮೇಲಿಂದ, ಹಾರ್ನುಗಳ ಮೇಲಿಂದ, ಗಂಟಲು ಹರಿಯುವ ಹಾಗೆ ಕೂಗಿದಳು. "ಕೆರೆದುಬಿಟ್ಟ ಅಪ್ಪಾ! ನಿನ್ನ ಮಗ ಕೆರೆದುಬಿಟ್ಟ! ಬಾಯಿ ಬರಿ ಅಂದವಳು ನಾನು! ನೀನು ಹೇಳಿದ್ದು ಒಬ್ಬರಿಗೂ ಕೇಳಿಸ್ಲಿಲ್ಲ, ನನಗೂ ಕೇಳಿಸ್ಲಿಲ್ಲ, ಇಷ್ಟು ದೊಡ್ಡ ಬಾಯಿ ಇಟ್ಕೊಂಡು ಕಿವೀನೇ ಇಟ್ಕೊಳ್ಲಿಲ್ಲ ನಾನು!" ಅತ್ತಿಗೆಗೂ ಅಂದಳು, ಚಿಕ್ಕಪ್ಪನಿಗೂ ಅಂದಳು, ಹೋಟೆಲಿನವನಿಗೆ ಅವತ್ತು ಅಂದದ್ದು ಸಾಲದೆಂದು ಇನ್ನೊಂದಿಷ್ಟು ಅಂದಳು. ಆ ಬದಿಯಲ್ಲಿ ಏಣಿ ಭುಜದೊಳಕ್ಕೆ ಕತ್ತು ಎಳೆದುಕೊಂಡ. ಅಣ್ಣನ ಕಿವಿ ಕೆಂಪಾಯಿತು.

ಆಗ ಅಪ್ಪನ ಎಡಗೈ ಮಡಿಲಿನಿಂದ ಎದ್ದಿತು. ಮೆಲ್ಲಗೆ, ಭುಜದವರೆಗೆ. ಅಂಗೈ ಅವಳ ಕಡೆಗಿತ್ತು.

ಏನು ಸರಿ, ಏನು ಸರಿಯಾಗಿದೆ ಎಂದು ಅವಳಿಗೆ ಇನ್ನಷ್ಟು ಕೆರಳಿತು. ಕೇಳಲಿಕ್ಕೆ ಬಾಯಿ ಇನ್ನೂ ಅಗಲ ಮಾಡಿದಳು. ಅಪ್ಪನ ಬೆರಳೊಂದು ಚಿತ್ರದ ಎಡಗಡೆಯಿಂದ ಗಾಳಿಯಲ್ಲೇ ಗೆರೆ ಎಳೆಯುತ್ತ ಬಂದು ಅವಳ ಮೇಲೆ ನಿಂತಿತು. ಆಗ ಅವಳಿಗೆ ತಾನು ಎಲ್ಲಿ ನಿಂತಿದ್ದೇನೆ ಎಂದು ಅರಿವಾಯಿತು. ಬೆನ್ನ ಹಿಂದೆ, ಚಿತ್ರದ ಎಡಗಡೆಯಿಂದ, ನಾಲ್ವರು ಅವಳ ಕಡೆಗೇ ತಿರುಗಿ ಕೂತಿದ್ದರು.

ಅಪ್ಪ ಕೈ ಇಳಿಸಲಿಲ್ಲ. ಅವಳು ಬಾಯಿ ಮುಚ್ಚಲಿಲ್ಲ.